ಹಳೆ ವಿಡಿಯೊ ಕ್ಯಾಸೆಟ್‌ನಿಂದ ವೆಬ್‌ಸೈಟ್ ಕ್ಲಿಪ್‌ವರೆಗೆ: ಲ್ಯಾಪ್‌ಟಾಪ್ ಕೊನೆಗೆ ತೆಗೆಯಿರಿ

ನನಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ಥರ. "ಸರ, ಕ್ಯಾಪ್ಚರ್ ಕಾರ್ಡ್ ತಂದೀನ್ರಿ, ಕ್ಯಾಸೆಟ್ ಹಾಕೀನಿ, ಬರೇ ಗೆರಿ ಬರಾಕತ್ತಾವು." ಇನ್ನೊಬ್ಬರದು ಚಿತ್ರ ಬರುತ್ತದೆ, ಧ್ವನಿ ಇಲ್ಲ. ಮತ್ತೊಬ್ಬರದು ಎಲ್ಲ ಸರಿ ಇದೆ, ಆದರೆ ಮದುಮಗಳ ಮುಖ ತಂಬಿಗೆಯಷ್ಟು ಅಗಲ. ಕೇಳುತ್ತಾ ಹೋದರೆ ತಪ್ಪು ಎಲ್ಲರದೂ ಒಂದೇ ಕಡೆ ಶುರುವಾಗಿರುತ್ತದೆ: ಮೊದಲು ಲ್ಯಾಪ್‌ಟಾಪ್ ತೆಗೆದಿದ್ದಾರೆ. ಕ್ಯಾಸೆಟ್ ಹೇಗಿದೆ, ಅದನ್ನು ಓಡಿಸುವ ವಿಸಿಆರ್ ಹೇಗಿದೆ ಅಂತ ಯಾರೂ ನೋಡಿಲ್ಲ.

ಬಾಗಲಕೋಟೆ ಸುತ್ತಮುತ್ತ ಇದು ಸಣ್ಣ ತಪ್ಪಲ್ಲ. ನಮ್ಮಲ್ಲಿ ಎಷ್ಟೋ ಮನೆಯ ಕ್ಯಾಸೆಟ್ಟುಗಳಲ್ಲಿ ಇರುವ ಓಣಿ, ಕಟ್ಟೆ, ಅಂಗಡಿ ಸಾಲು ಈಗ ಆಲಮಟ್ಟಿ ಹಿನ್ನೀರಿನ ಪಾಲಾಗಿವೆ. ಹೋಗಿ ಇನ್ನೊಮ್ಮೆ ಶೂಟಿಂಗ್ ಮಾಡೋಣ ಅನ್ನಲಿಕ್ಕೆ ಬರಲ್ಲ. ಆದ್ದರಿಂದ ಕೆಳಗಿನ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಅದರಲ್ಲೂ ಮೊದಲ ಎರಡು ಹಂತ ಮುಗಿಯುವವರೆಗೆ ಒಳ್ಳೆಯ ಕ್ಯಾಸೆಟ್ಟನ್ನು ಯಾವ ಯಂತ್ರಕ್ಕೂ ಹಾಕಬೇಡಿ.

ಬೇಕಾಗುವ ಸಾಮಾನು

ಚಾಲೂ ಇರುವ ವಿಸಿಆರ್ ಅಥವಾ ವಿಸಿಪಿ (ರೆಕಾರ್ಡ್ ಮಾಡದೆ ಬರೇ ಓಡಿಸುವ ಯಂತ್ರ). ಮೊದಲು ರಾತ್ರಿ ಸಿನಿಮಾ ನೋಡಲು ಬಾಡಿಗೆಗೆ ತರುತ್ತಿದ್ದರಲ್ವಾ, ಆ ವಿಸಿಪಿ ಸಾಕು. ನಮಗೆ ರೆಕಾರ್ಡ್ ಮಾಡುವ ಕೆಲಸವೇ ಇಲ್ಲ. ಹೊಸದು ಸಿಗುವುದಿಲ್ಲ, ಕೊನೆಯ ದೊಡ್ಡ ತಯಾರಕರು 2016ರಲ್ಲೇ ನಿಲ್ಲಿಸಿದರು. ಹಳೆಯ ಟಿವಿ ರಿಪೇರಿ ಅಂಗಡಿಗಳಲ್ಲಿ ಅಟ್ಟದ ಮೇಲೆ ಕೇಳಿ ನೋಡಿ.

ಹಳದಿ, ಬಿಳಿ, ಕೆಂಪು ಪಿನ್ನಿನ ಎವಿ ಕೇಬಲ್. ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್, ಅಂದರೆ ವಿಸಿಆರ್‌ನ ಚಿತ್ರ, ಧ್ವನಿಯನ್ನು ಲ್ಯಾಪ್‌ಟಾಪ್‌ಗೆ ಇಳಿಸುವ ಸಾಧನ. 99 ಪರ್ಸೆಂಟಿನ ಐಸೊಪ್ರೊಪೈಲ್ ಆಲ್ಕೊಹಾಲ್, ಸಣ್ಣ ಸ್ಕ್ರೂಡ್ರೈವರ್, ದಪ್ಪನೆಯ ಬಿಳಿ ಪ್ರಿಂಟರ್ ಕಾಗದ. 100 ಜಿಬಿಯಾದರೂ ಖಾಲಿ ಇರುವ ಡಿಸ್ಕ್. ಮತ್ತೆ ಒಂದು ರದ್ದಿ ಕ್ಯಾಸೆಟ್, ಹಾಳಾದರೂ ಯಾರೂ ಅಳಬಾರದು ಅಂಥದ್ದು.

ಎವಿಯಿಂದ ಎಚ್‌ಡಿಎಂಐ ಮಾಡುವ ಸಣ್ಣ ಡಬ್ಬಿ ಮಾತ್ರ ಬೇಡ. ಅಗ್ಗಕ್ಕೆ ಸಿಗುತ್ತದೆ ಅಂತ ಬಹಳ ಜನ ತರುತ್ತಾರೆ. ಅಗಲ ಮುಖದ ದೂರು ಬರುವುದು ಜಾಸ್ತಿ ಇದರಿಂದಲೇ: 4:3 ಚಿತ್ರವನ್ನು ಅದು 16:9ಕ್ಕೆ ಎಳೆದು ಕೊಡುತ್ತದೆ. ಚಲನೆಯನ್ನೂ ಕೆಡಿಸುತ್ತದೆ, ಆಮೇಲೆ ಸರಿಮಾಡಲು ಆಗುವುದಿಲ್ಲ.

ಹಂತ 1: ಕ್ಯಾಸೆಟ್ ಕಣ್ಣಿಂದ ನೋಡಿ

ಮೊದಲು ಅದು ಯಾವ ಕ್ಯಾಸೆಟ್ ಅಂತ ಗುರುತಿಸಿ. ದೊಡ್ಡದು ವಿಎಚ್‌ಎಸ್. ಅರ್ಧ ಸೈಜಿನ ವಿಎಚ್‌ಎಸ್-ಸಿ ಆಗಿದ್ದರೆ ಅಡಾಪ್ಟರ್ ಕ್ಯಾಸೆಟ್ಟಿನಲ್ಲಿ ಇಟ್ಟು ಅದೇ ವಿಸಿಆರ್‌ಗೆ ಹಾಕಬಹುದು. ವಿಡಿಯೊ 8, ಹೈ 8 ಟೇಪುಗಳಿಗೆ ಯಾವ ಅಡಾಪ್ಟರೂ ಇಲ್ಲ, ಆ ಜಾತಿಯ ಕ್ಯಾಮೆರಾನೇ ಬೇಕು. ಮಿನಿ ಡಿವಿ ಆಗಿದ್ದರೆ ಈ ಮಾರ್ಗದರ್ಶಿ ನಿಮಗಲ್ಲ, ಅದು ಆಗಲೇ ಡಿಜಿಟಲ್. ಫೈರ್‌ವೈರ್ ಕೇಬಲ್‌ನಲ್ಲಿ ನೇರವಾಗಿ ಇಳಿಸಿಕೊಳ್ಳಿ.

ಈಗ ಕ್ಯಾಸೆಟ್ಟಿನ ಕಿಟಕಿಯಿಂದ ಒಳಗೆ ಟಾರ್ಚ್ ಬಿಡಿ. ಸುತ್ತಿದ ಟೇಪಿನ ಅಂಚು ನುಣ್ಣಗೆ ಕಪ್ಪಗೆ ಇರಬೇಕು. ಬಿಳಿ ಪುಡಿ, ಚುಕ್ಕೆ, ಜೇಡರ ಬಲೆಯಂಥ ಎಳೆ ಕಂಡರೆ ಅದು ಬೂಷ್ಟು. ವಿಜಯಪುರ, ಬಾಗಲಕೋಟೆ ಕಡೆ ನಮ್ಮ ಕಾಟ ಧೂಳು. ಬೆಳಗಾವಿ, ಖಾನಾಪುರದ ಮಳೆ ಕಂಡ ಮನೆಗಳ ಕ್ಯಾಸೆಟ್ಟಿನಲ್ಲಿ ಬೂಷ್ಟು ಜಾಸ್ತಿ. ಬೂಷ್ಟು ಹಿಡಿದ ಟೇಪನ್ನು ಒಮ್ಮೆ ಓಡಿಸಿದರೂ ಅದು ವಿಸಿಆರ್‌ನಲ್ಲಿ ಟೇಪ್ ಓದುವ ಹೆಡ್‌ಗೆ ಹತ್ತಿ, ಅಲ್ಲಿಂದ ಮುಂದಿನ ಎಲ್ಲ ಟೇಪುಗಳಿಗೂ ಹೋಗುತ್ತದೆ. ಅದನ್ನು ಬೇರೆ ಚೀಲದಲ್ಲಿ ಕಟ್ಟಿಡಿ, ಮನೆಯಲ್ಲಿ ಉಜ್ಜುವ ಸಾಹಸ ಬೇಡ. ಈ ಕೆಲಸ ಗೊತ್ತಿರುವವರಿಗೇ ಕೊಡಿ.

ಮೂಗಿಗೆ ಹಿಡಿದೂ ನೋಡಿ. ವಿನೆಗರ್ ಥರ ಹುಳಿ ವಾಸನೆ ಅಥವಾ ಮುಗ್ಗಲು ವಾಸನೆ ಬಂದರೆ ಅದನ್ನೂ ಪಕ್ಕಕ್ಕಿಡಿ.

ಮುಂದೆ, ಕ್ಯಾಸೆಟ್ಟಿನ ಬೆನ್ನಿನ ಮೇಲೆ ಸಣ್ಣ ಪ್ಲಾಸ್ಟಿಕ್ ತುಣುಕು ಇರುತ್ತದೆ. ಇದ್ದರೆ ಮುರಿದು ತೆಗೆಯಿರಿ. ಅದು ಇಲ್ಲದಿದ್ದರೆ ಮೇಲೆ ರೆಕಾರ್ಡ್ ಆಗುವುದಿಲ್ಲ. ಇದು ಅತಿ ಎಚ್ಚರಿಕೆ ಅನಿಸಬಹುದು, ಆದರೆ ಗುರುತಿಲ್ಲದ ವಿಸಿಆರ್‌ನಲ್ಲಿ ಪ್ಲೇ ಬದಲು ರೆಕಾರ್ಡ್ ಒತ್ತಿದವರು ಇದ್ದಾರೆ.

ಟೇಪ್ ಹರಿದಿದ್ದರೆ ಸೆಲ್ಲೊಟೇಪ್ ಅಂಟಿಸಬೇಡಿ. ಅದರ ಅಂಟು ಸೋರಿ ಹೆಡ್ ಕೆಡಿಸುತ್ತದೆ. ಕ್ಯಾಸೆಟ್ಟಿನ ಹೊರಚಿಪ್ಪು ಮಾತ್ರ ಒಡೆದಿದ್ದರೆ ಸಲೀಸು: ಕೆಳಗಿನ 5 ಸ್ಕ್ರೂ ಬಿಚ್ಚಿ, ಎರಡೂ ಗಾಲಿಗಳನ್ನು ಇನ್ನೊಂದು ರದ್ದಿ ಕ್ಯಾಸೆಟ್ಟಿನ ಗಟ್ಟಿ ಚಿಪ್ಪಿಗೆ ವರ್ಗಾಯಿಸಿ. ಬಿಚ್ಚುವ ಮುಂಚೆ ಟೇಪ್ ಹಾದುಹೋಗುವ ದಾರಿಯ ಫೋಟೊ ಹೊಡೆದುಕೊಳ್ಳಿ.

ಹಂತ 2: ವಿಸಿಆರ್ ತಯಾರು ಮಾಡಿ

ಇಲ್ಲಿ ನನ್ನದೇ ಕಥೆ ಇದೆ. ಕಾಕಾನ ಮದುವೆ ಕ್ಯಾಸೆಟ್ಟನ್ನು ಹತ್ತು ವರ್ಷ ಮಲಗಿದ್ದ ವಿಸಿಪಿಗೆ ನೇರ ಹಾಕಿದೆ. ಎರಡು ನಿಮಿಷ ಚೆನ್ನಾಗಿ ಓಡಿತು, ಆಮೇಲೆ ಕರಕರ ಸದ್ದು, ತೆಗೆಯಲು ಹೋದರೆ ಮಾರುದ್ದ ಟೇಪ್ ಒಳಗೇ ಸಿಕ್ಕಿಕೊಂಡು ಮಡಚಿತ್ತು. ಅಕ್ಕಿಕಾಳು ಬೀಳುವ ಹೊತ್ತಿನ ಚಿತ್ರವೇ ಹೋಯಿತು. ಕಾಕಾ ಏನೂ ಅನ್ನಲಿಲ್ಲ, ಕಾಕು ಮಾತ್ರ ಇನ್ನೂ ಅನ್ನುತ್ತಾಳೆ.

ವಿಸಿಆರ್‌ನ ಪ್ಲಗ್ ಗೋಡೆಯಿಂದ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ಮೇಲಿನ ಮುಚ್ಚಳ ತೆಗೆಯಿರಿ. ಕರೆಂಟ್ ಸರ್ಕೀಟ್ ಇರುವ ಭಾಗಕ್ಕೆ ಕೈ ಹಾಕಬೇಡಿ, ಪ್ಲಗ್ ಕಿತ್ತ ಮೇಲೂ ಅಲ್ಲಿ ಶಾಕ್ ಹೊಡೆಯಬಹುದು. ನಡುವೆ ಹೊಳೆಯುವ ಓರೆ ಡ್ರಮ್ ಕಾಣುತ್ತದೆ, ಹೆಡ್ ಇರುವುದು ಅದರಲ್ಲಿ. ಬಿಳಿ ಕಾಗದದ ಚೂರನ್ನು ಆಲ್ಕೊಹಾಲ್‌ನಲ್ಲಿ ನೆನೆಸಿ ಡ್ರಮ್‌ಗೆ ಮೆಲ್ಲಗೆ ತಾಗಿಸಿ, ಅಲುಗಾಡಿಸದೆ ಹಿಡಿಯಿರಿ. ಇನ್ನೊಂದು ಕೈಯಿಂದ ಡ್ರಮ್‌ನ ನೆತ್ತಿ ಹಿಡಿದು ನಿಧಾನ ತಿರುಗಿಸಿ. ಕಾಗದ ಕಪ್ಪಾಗುತ್ತದೆ, ಬದಲಿಸಿ, ಮತ್ತೆ ತಿರುಗಿಸಿ.

ಎರಡು ಕೆಲಸ ಮಾತ್ರ ಯಾವತ್ತೂ ಮಾಡಬೇಡಿ. ಕಾಗದವನ್ನು ಮೇಲೆ ಕೆಳಗೆ ಉಜ್ಜಬೇಡಿ, ಹೆಡ್ ಮುರಿಯುತ್ತದೆ. ಕಿವಿ ಸ್ವಚ್ಛ ಮಾಡುವ ಹತ್ತಿ ಕಡ್ಡಿಯನ್ನು ಡ್ರಮ್‌ಗೆ ತಾಗಿಸಬೇಡಿ, ಎಳೆ ಸಿಕ್ಕಿ ಅದೂ ಹೆಡ್ ಮುರಿಯುತ್ತದೆ. ಹತ್ತಿ ಕಡ್ಡಿ ಬೇಕಿದ್ದರೆ ಟೇಪ್ ಹಾಯುವ ಕಬ್ಬಿಣದ ಕಂಬಗಳಿಗೆ ಬಳಸಿ.

ಟೇಪನ್ನು ಎಳೆಯುವ ಕಪ್ಪು ರಬ್ಬರ್ ರೋಲರ್ ಮುಟ್ಟಿ ನೋಡಿ. ಮೆತ್ತಗೆ, ಮಾಸಲಾಗಿ ಇರಬೇಕು. ಗಾಜಿನ ಹಾಗೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ, ಆ ಯಂತ್ರ ಟೇಪ್ ತಿನ್ನುತ್ತದೆ ಅಂತಲೇ ತಿಳಿಯಿರಿ. ನನ್ನ ವಿಸಿಪಿಯಲ್ಲಿ ಆಗಿದ್ದೂ ಅದೇ.

ಈಗ ರದ್ದಿ ಕ್ಯಾಸೆಟ್ ಹಾಕಿ ಅರ್ಧ ಗಂಟೆ ಓಡಿಸಿ. ನಿಲ್ಲಿಸಿ, ತೆಗೆದು, ಮುಂದಿನ ಬಾಗಿಲು ಎತ್ತಿ ಟೇಪಿನ ಅಂಚು ನೋಡಿ. ಸುಕ್ಕು, ಅಲೆ, ಗೀರು ಇಲ್ಲ ಅಂದರೆ ಮಾತ್ರ ಮುಂದೆ ಹೋಗಿ. ಇದ್ದರೆ ಬೇರೆ ವಿಸಿಆರ್ ಹುಡುಕಿ, ಹಟ ಬೇಡ.

ಹಂತ 3: ಟೇಪ್ ಸಡಿಲಿಸಿ

ಒಳ್ಳೆಯ ಕ್ಯಾಸೆಟ್ ಮತ್ತು ವಿಸಿಆರ್ ಎರಡನ್ನೂ ಒಂದು ರಾತ್ರಿ ಒಂದೇ ಕೋಣೆಯಲ್ಲಿ ಇಡಿ. ಮಳೆಗಾಲದಲ್ಲಿ ಇದು ತಪ್ಪಬಾರದು, ಡ್ರಮ್ ಮೇಲೆ ಸಣ್ಣ ತೇವ ಕೂತರೂ ಟೇಪ್ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಕಾರಿನೊಳಗೆ ಕ್ಯಾಸೆಟ್ ಬಿಟ್ಟು ಊಟಕ್ಕೆ ಹೋಗಬೇಡಿ, ನಮ್ಮ ಏಪ್ರಿಲ್ ಬಿಸಿಲಿಗೆ ಚಿಪ್ಪು ಸೊಟ್ಟಗಾಗುತ್ತದೆ.

ಮರುದಿನ ಟೇಪನ್ನು ಕೊನೆವರೆಗೆ ಮುಂದಕ್ಕೆ ಓಡಿಸಿ, ಮತ್ತೆ ಪೂರ್ತಿ ರಿವೈಂಡ್ ಮಾಡಿ. ಎಷ್ಟೋ ವರ್ಷ ಅಂಟಿ ಕೂತ ಸುರುಳಿ ಸಡಿಲಾಗಿ, ಸಮ ಬಿಗಿಯಲ್ಲಿ ಸುತ್ತಿಕೊಳ್ಳುತ್ತದೆ. ನಡುವೆ ವೇಗ ಕಡಿಮೆಯಾಗಿ ಮುಲುಗುವ ಸದ್ದು ಬಂದರೆ ಕೂಡಲೇ ನಿಲ್ಲಿಸಿ.

ಹಂತ 4: ಮೊದಲು ಟಿವಿಗೆ, ಆಮೇಲೆ ಲ್ಯಾಪ್‌ಟಾಪ್‌ಗೆ

ವಿಸಿಆರ್ ಅನ್ನು ಮೊದಲು ಯಾವುದಾದರೂ ಟಿವಿಗೆ ಜೋಡಿಸಿ ಐದು ನಿಮಿಷ ನೋಡಿ. ಟಿವಿಯಲ್ಲೇ ಗೆರೆ ಇದ್ದರೆ ಕಾರ್ಡ್ ಬದಲಿಸಿ ಪ್ರಯೋಜನ ಇಲ್ಲ. ವಿಸಿಆರ್‌ನ ಟ್ರ್ಯಾಕಿಂಗ್ ಗುಂಡಿ ನಿಧಾನ ತಿರುಗಿಸಿ, ಬಿಳಿ ಪಟ್ಟಿ ಚಿತ್ರದಿಂದ ಆಚೆ ಸರಿಯುವವರೆಗೆ. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಹೊಸದಾಗಿ ಮಾಡಬೇಕು. ಒಂದು ಕ್ಯಾಸೆಟ್ಟಿನಲ್ಲಿ ಎರಡು ಕ್ಯಾಮೆರಾ ಬಳಸಿದ್ದರೆ ನಡುವೆಯೂ ಮಾಡಬೇಕಾಗುತ್ತದೆ.

ಇಡೀ ಚಿತ್ರ ಹಿಮ ಸುರಿದ ಹಾಗೆ ಇದ್ದು, ಧ್ವನಿ ಮಾತ್ರ ಚೆನ್ನಾಗಿದ್ದರೆ ಹೆಡ್ ಇನ್ನೂ ಕೊಳೆಯಾಗಿದೆ, ಹಂತ 2ಕ್ಕೆ ವಾಪಸ್. ಚಿತ್ರ ಕಪ್ಪುಬಿಳುಪಾಗಿ ಉರುಳುತ್ತಿದ್ದರೆ, ಅದು ಅಮೆರಿಕದ ನೆಂಟರು ಕಳಿಸಿದ ಎನ್‌ಟಿಎಸ್‌ಸಿ, ಅಂದರೆ ಅಲ್ಲಿನ ಟಿವಿ ಪದ್ಧತಿಯ ಟೇಪ್ ಇರಬಹುದು. ನಮ್ಮದು ಪಾಲ್: ಸೆಕೆಂಡಿಗೆ 25 ಚಿತ್ರ, 576 ಗೆರೆ. ಅವರದು 29.97 ಮತ್ತು 480. ಎರಡನ್ನೂ ಓಡಿಸುವ ಮಲ್ಟಿ ಸಿಸ್ಟಮ್ ವಿಸಿಆರ್ ಬೇಕು, ಮುಂದಿನ ಹಂತದ ಅಂಕಿಗಳೂ ಬದಲಾಗುತ್ತವೆ.

ಟಿವಿಯಲ್ಲಿ ಸರಿ ಕಂಡ ಮೇಲೆ ಕೇಬಲ್ ಅನ್ನು ಕ್ಯಾಪ್ಚರ್ ಕಾರ್ಡ್‌ಗೆ ಹಾಕಿ, ಕಾರ್ಡನ್ನು ಲ್ಯಾಪ್‌ಟಾಪ್‌ಗೆ ನೇರ ಚುಚ್ಚಿ. ಯುಎಸ್‌ಬಿ ಹಬ್ ಬೇಡ. ವಿಸಿಆರ್‌ನಲ್ಲಿ ಎಸ್-ವಿಡಿಯೊ ತೂತು ಇದ್ದರೆ ಹಳದಿ ಪಿನ್ನಿಗಿಂತ ಅದು ಒಳ್ಳೆಯದು, ಆದರೆ ವಿಸಿಪಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಗುಂಯ್ ಅನ್ನುವ ಸದ್ದು ಬರುತ್ತಿದೆಯಾ? ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ. ನಿಂತರೆ ಅರ್ಥಿಂಗ್ ತೊಂದರೆ. ವಿಸಿಆರ್, ಲ್ಯಾಪ್‌ಟಾಪ್ ಎರಡನ್ನೂ ಅರ್ಥಿಂಗ್ ಸರಿ ಇರುವ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ.

ಹಂತ 5: ಕ್ಯಾಪ್ಚರ್

ಇಲ್ಲಿ ಸ್ವಲ್ಪ ನಿಧಾನ ಓದಿ, ಅರ್ಧ ಜನ ಬೀಳುವುದು ಇಲ್ಲೇ. ನಾನು ಬಳಸುವುದು ಒಬಿಎಸ್ ಸ್ಟುಡಿಯೊ ಅನ್ನುವ ರೆಕಾರ್ಡಿಂಗ್ ಪ್ರೋಗ್ರಾಂ, ಪುಕ್ಕಟೆ ಸಿಗುತ್ತದೆ. ಅದು ತಾನಾಗಿ 1920×1080, ಸೆಕೆಂಡಿಗೆ 30 ಅಥವಾ 60 ಫ್ರೇಮ್ ಇಟ್ಟುಕೊಂಡಿರುತ್ತದೆ. ಜನ ಹಾಗೇ ರೆಕಾರ್ಡ್ ಒತ್ತುತ್ತಾರೆ, ಆಮೇಲೆ ಚಿತ್ರ ತಡವರಿಸುತ್ತದೆ ಅಂತ ದೂರುತ್ತಾರೆ. 25ನ್ನು 30ಕ್ಕೆ ಎಳೆದರೆ ತಡವರಿಸದೆ ಇನ್ನೇನು?

ಸೆಟ್ಟಿಂಗ್ಸ್‌ನಲ್ಲಿ ವಿಡಿಯೊಗೆ ಹೋಗಿ ಎರಡೂ ರೆಸಲ್ಯೂಶನ್ 768×576 ಮಾಡಿ, ಫ್ರೇಮ್ ರೇಟ್ 50 ಪಾಲ್ ಆರಿಸಿ. ಕಾರ್ಡಿನ ಸೋರ್ಸ್ ಸೇರಿಸುವಾಗ ರೆಸಲ್ಯೂಶನ್ 720×576, ವಿಡಿಯೊ ಸ್ಟ್ಯಾಂಡರ್ಡ್ ಪಾಲ್ ಬಿ. ನಂತರ ಆ ಸೋರ್ಸನ್ನು ಪರದೆ ತುಂಬ ಹಿಗ್ಗಿಸಿ. 720 ಯಾಕೆ 768 ಆಯಿತು ಅಂದರೆ, ಕಾರ್ಡ್ ಕೊಡುವ ಚಿತ್ರದ ಚುಕ್ಕೆಗಳು ಚೌಕ ಅಲ್ಲ, ಕಂಪ್ಯೂಟರಿನವು ಚೌಕ. ಹಿಗ್ಗಿಸದಿದ್ದರೆ ಎಲ್ಲರೂ ಚೂರು ಸಣಕಲು ಕಾಣುತ್ತಾರೆ.

ಮುಂದೆ ಡಿಇಂಟರ್‌ಲೇಸ್. ಟೇಪಿನಲ್ಲಿ ಪ್ರತಿ ಚಿತ್ರವೂ ಎರಡು ಅರ್ಧಗಳಾಗಿ ಇರುತ್ತದೆ, ಮೊದಲು ಬೆಸ ಗೆರೆಗಳು, ಆಮೇಲೆ ಸಮ ಗೆರೆಗಳು, ಹೀಗೆ ಸೆಕೆಂಡಿಗೆ 50 ಅರ್ಧ. ಹಳೆ ಟಿವಿಯಲ್ಲಿ ಅದು ಗೊತ್ತಾಗುತ್ತಿರಲಿಲ್ಲ. ಲ್ಯಾಪ್‌ಟಾಪಿನಲ್ಲಿ ಏನಾದರೂ ಜೋರಾಗಿ ಅಲುಗಿದರೆ ಅಂಚಿನಲ್ಲಿ ಹಣಿಗೆಯ ಹಲ್ಲಿನ ಹಾಗೆ ಗೆರೆ ಏಳುತ್ತವೆ. ನಮ್ಮೂರ ಹೋಳಿಯ ಟೇಪ್ ಹಾಕಿ ನೋಡಿ, ಹಲಗೆ ಬಾರಿಸುವವರ ಕೈ ಪೂರ್ತಿ ಹಣಿಗೆ ಆಗಿರುತ್ತದೆ. ಸೋರ್ಸ್ ಮೇಲೆ ಬಲ ಕ್ಲಿಕ್ ಮಾಡಿ ಡಿಇಂಟರ್‌ಲೇಸಿಂಗ್‌ನಲ್ಲಿ ಯಾಡಿಫ್ 2ಎಕ್ಸ್ ಆರಿಸಿ. ಆಗ 50 ಅರ್ಧಗಳೂ 50 ಪೂರ್ತಿ ಚಿತ್ರವಾಗುತ್ತವೆ, ಕೈ ನೀರಿನ ಹಾಗೆ ಸರಾಗ ಓಡುತ್ತದೆ. ಬದಲು ಚಿತ್ರ ಹಿಂದೆಮುಂದೆ ನಡುಗಿದರೆ ಅದೇ ಪಟ್ಟಿಯಲ್ಲಿ ಫೀಲ್ಡ್ ಕ್ರಮ ತಿರುಗಿಸಿ.

ಧ್ವನಿ: ಕಾರ್ಡಿನ ಸೆಟ್ಟಿಂಗ್‌ನಲ್ಲೇ ಆಡಿಯೊ ಸಾಧನವಾಗಿ ಅದೇ ಕಾರ್ಡನ್ನು ಆರಿಸಿ, ಲ್ಯಾಪ್‌ಟಾಪಿನ ಮೈಕ್ ಮ್ಯೂಟ್ ಮಾಡಿ. ಇಲ್ಲದಿದ್ದರೆ ಕಾಕಾನ ಮದುವೆಯಲ್ಲಿ ನಿಮ್ಮ ಮನೆ ಕುಕ್ಕರ್ ಸೀಟಿ ಹೊಡೆಯುತ್ತದೆ. ಏನು ಮಾಡಿದರೂ ಧ್ವನಿ ಬರದಿದ್ದರೆ ವಿಂಡೋಸ್‌ನ ಪ್ರೈವಸಿಯಲ್ಲಿ ಮೈಕ್ರೊಫೋನ್ ಅನುಮತಿ ನೋಡಿ, ವಿಂಡೋಸ್ ಕಾರ್ಡನ್ನೂ ಮೈಕ್ ಅಂತಲೇ ಲೆಕ್ಕ ಹಿಡಿಯುತ್ತದೆ. ಮಟ್ಟ ಕೆಂಪಿಗೆ ಹೋಗದಿರಲಿ. ಹಲಗೆ, ಡೊಳ್ಳು ಇದ್ದ ಕಡೆ ಒಡೆದ ಧ್ವನಿ ಆಮೇಲೆ ಸರಿಯಾಗುವುದಿಲ್ಲ.

ಬೆಳಕೂ ಹಾಗೇ. ಬಿಳಿ ಧೋತರ, ಬಿಳಿ ಪಟಕ ಇರುವ ದೃಶ್ಯ ಹಾಕಿ, ಬಟ್ಟೆಯ ನೆರಿಗೆ ಕಾಣುವವರೆಗೆ ಕಾರ್ಡಿನ ಬ್ರೈಟ್‌ನೆಸ್, ಕಾಂಟ್ರಾಸ್ಟ್ ಇಳಿಸಿ.

ರೆಕಾರ್ಡಿಂಗ್ ಎಂಕೆವಿ ಫಾರ್ಮ್ಯಾಟ್‌ನಲ್ಲಿ ಇಡಿ. ನಡುವೆ ಕರೆಂಟ್ ಹೋದರೆ ಸಾಮಾನ್ಯ ಎಂಪಿ4 ಫೈಲ್ ಪೂರ್ತಿ ಸಾಯುತ್ತದೆ, ಎಂಕೆವಿ ಅಲ್ಲಿವರೆಗಿನದನ್ನು ಉಳಿಸುತ್ತದೆ. ಬಿಟ್‌ರೇಟ್ (ಸೆಕೆಂಡಿಗೆ ಬರೆಯುವ ಡೇಟಾ) 12 ಎಂಬಿಪಿಎಸ್, ಕೀಫ್ರೇಮ್ (ಫೈಲಿನಲ್ಲಿ ಪೂರ್ತಿಯಾಗಿ ಉಳಿಯುವ ಚಿತ್ರ) ಅಂತರ 1 ಸೆಕೆಂಡ್. ಗಂಟೆಗೆ ಸುಮಾರು 5.4 ಜಿಬಿ ಆಗುತ್ತದೆ, ಇ-180 ಅಂದರೆ 3 ಗಂಟೆಯ ಟೇಪ್‌ಗೆ 16 ಜಿಬಿ. ಒಮ್ಮೆಯೇ ಓಡಬಹುದು ಅನಿಸುವ ಅಪರೂಪದ ಟೇಪ್ ಆಗಿದ್ದರೆ ವರ್ಚುವಲ್‌ಡಬ್ ಪ್ರೋಗ್ರಾಂ ಮತ್ತು ಹಫ್‌ವೈಯುವಿ ಕೋಡೆಕ್ ಹಿಡಿದು ಏನೂ ಕಳೆಯದ ಹಾಗೆ ಇಳಿಸಿ. ಫೈಲ್ ಇದರ ಹಲವು ಪಟ್ಟು ಆಗುತ್ತದೆ. ಮದುವೆ ಟೇಪ್‌ಗೆ ಅಷ್ಟು ಬೇಡ ಅಂತ ನನ್ನ ಲೆಕ್ಕ.

"ರೆಕಾರ್ಡಿಂಗ್ ತಾನೇ ನಿಂತುಹೋಯಿತು" ಅನ್ನುವವರು ಡಿಸ್ಕ್ ನೋಡಿ. ಪೆನ್ ಡ್ರೈವ್ ಅಥವಾ ಹಳೆ ಡಿಸ್ಕ್ ಫ್ಯಾಟ್32 ಆಗಿದ್ದರೆ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ಈ ಬಿಟ್‌ರೇಟ್‌ನಲ್ಲಿ ಮುಕ್ಕಾಲು ಗಂಟೆಗೆ ಅಲ್ಲಿಗೆ ಮುಟ್ಟುತ್ತೀರಿ. ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಇರಲಿ.

ಶುರು ಮಾಡುವ ಮುಂಚೆ ಲ್ಯಾಪ್‌ಟಾಪಿನ ಸ್ಲೀಪ್, ಅಪ್‌ಡೇಟ್ ನಿಲ್ಲಿಸಿ. ಐದು ನಿಮಿಷ ರೆಕಾರ್ಡ್ ಮಾಡಿ, ತುಟಿ ಮತ್ತು ಮಾತು ಹೊಂದುತ್ತವಾ ನೋಡಿ. ಹೊಂದಿದರೆ ಪೂರ್ತಿ ಓಡಿಸಿ, ಕೊನೆಯ ಐದು ನಿಮಿಷವನ್ನೂ ಹಾಗೇ ಪರೀಕ್ಷಿಸಿ. ಮೊದಲು ಸರಿ ಇದ್ದು ಕೊನೆಗೆ ಮಾತು ಜಾರಿದ್ದರೆ, ನಡುವೆ ಫ್ರೇಮ್ ಬಿದ್ದಿವೆ ಅಂತ ಅರ್ಥ. ಒಬಿಎಸ್‌ನ ಸ್ಟ್ಯಾಟ್ಸ್ ಕಿಟಕಿಯಲ್ಲಿ ತಪ್ಪಿದ ಫ್ರೇಮ್ ಲೆಕ್ಕ ಇರುತ್ತದೆ, ಬೇರೆ ಪ್ರೋಗ್ರಾಂ ಮುಚ್ಚಿ ಮತ್ತೆ ಮಾಡಿ. ಕಾರ್ಡೇ ಕಳಪೆಯಾದರೆ ಅಲ್ಲಿ ಸೊನ್ನೆ ತೋರಿಸಿಯೂ ಮಾತು ಜಾರುತ್ತದೆ, ಆಗ ಅರ್ಧರ್ಧ ಗಂಟೆಯ ತುಂಡುಗಳಲ್ಲಿ ಇಳಿಸುವುದೇ ದಾರಿ. ಮನೆಯ ಇನ್ವರ್ಟರ್‌ಗೆ ಬದಲಾಗುವ ಆ ಒಂದು ಕ್ಷಣಕ್ಕೂ ವಿಸಿಆರ್ ನಿಲ್ಲಬಹುದು. ನಾನಂತೂ ಬೇಸಿಗೆಯಲ್ಲಿ ರಾತ್ರಿ ಹತ್ತರ ಮೇಲೇ ಈ ಕೆಲಸ ಮಾಡುವುದು.

ಬೆಳಕು ಏರುತ್ತಾ ಇಳಿಯುತ್ತಾ ಉಸಿರಾಡಿದ ಹಾಗೆ ಕಂಡರೆ ಅದು ಅಂಗಡಿಯಲ್ಲಿ ಕೊಂಡ ಸಿನಿಮಾ ಕ್ಯಾಸೆಟ್ಟಿನ ನಕಲು ತಡೆ ಇರಬೇಕು. ಅದನ್ನು ವೆಬ್‌ಸೈಟಿಗೆ ಹಾಕುವ ಹಕ್ಕು ನಿಮಗಿಲ್ಲ, ಅಲ್ಲಿಗೇ ಬಿಡಿ.

ಹಂತ 6: ಮೂಲ ಫೈಲ್ ಎತ್ತಿಟ್ಟು, ಆಮೇಲೆ ಕತ್ತರಿಸಿ

ಇಳಿಸಿದ ಪೂರ್ತಿ ಫೈಲೇ ಇನ್ನು ನಿಮ್ಮ ಕ್ಯಾಸೆಟ್. ಅದರ ಎರಡು ಪ್ರತಿ ಎರಡು ಬೇರೆ ಡಿಸ್ಕ್‌ಗಳಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿದ್ದರೆ ಇನ್ನೂ ಒಳ್ಳೆಯದು. ಜನ ಏನು ಮಾಡುತ್ತಾರೆ ಅಂದರೆ, ವೆಬ್‌ಸೈಟಿಗೆ ಅಂತ ಕುಗ್ಗಿಸಿದ ಫೈಲನ್ನು ಇಟ್ಟುಕೊಂಡು ದೊಡ್ಡದನ್ನು ಅಳಿಸುತ್ತಾರೆ. ವರ್ಷದ ನಂತರ ಬೇರೆ ತುಂಡು ಬೇಕಾದಾಗ ಕುಗ್ಗಿದ್ದನ್ನೇ ಮತ್ತೆ ಕುಗ್ಗಿಸುತ್ತಾರೆ.

ಕತ್ತರಿಸಲು ಲಾಸ್‌ಲೆಸ್‌ಕಟ್ ಸಾಕು. ಅದು ಕೀಫ್ರೇಮ್ ಇದ್ದ ಕಡೆ ಮಾತ್ರ ಕತ್ತರಿಸುತ್ತದೆ, ಅದಕ್ಕೇ ಮೇಲೆ 1 ಸೆಕೆಂಡ್ ಇಡಿ ಅಂದದ್ದು. ಕ್ಲಿಪ್ ಒಂದರಿಂದ ಮೂರು ನಿಮಿಷ ಇರಲಿ. ಶ್ರೀಕೃಷ್ಣ ಪಾರಿಜಾತದ ಬಯಲಾಟ ಆಗಿದ್ದರೆ ಒಂದು ಪದ ಪೂರ್ತಿ ಬರುವ ಹಾಗೆ ಕತ್ತರಿಸಿ, ಹಿಮ್ಮೇಳದವರು ಎತ್ತಿಕೊಂಡ ಕೂಡಲೇ ಕಡಿದರೆ ನೋಡುವವರಿಗೆ ಏನೂ ದಕ್ಕುವುದಿಲ್ಲ.

ಹಂತ 7: ವೆಬ್‌ಗೆ ತಕ್ಕಂತೆ ಕುಗ್ಗಿಸಿ

ಹ್ಯಾಂಡ್‌ಬ್ರೇಕ್ ಅನ್ನುವ ಪ್ರೋಗ್ರಾಂ ತೆರೆದು ಕ್ಲಿಪ್ ಹಾಕಿ. ಫಾರ್ಮ್ಯಾಟ್ ಎಂಪಿ4, ವಿಡಿಯೊ ಎಚ್.264, ಆಡಿಯೊ ಎಎಸಿ 128. ವೆಬ್ ಆಪ್ಟಿಮೈಸ್ಡ್ ಅನ್ನುವ ಚೌಕಕ್ಕೆ ಟಿಕ್ ಹಾಕುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಕೆಲವು ಕಡೆ ಫೈಲ್ ಪೂರ್ತಿ ಇಳಿಯುವವರೆಗೆ ಕ್ಲಿಪ್ ಶುರುವೇ ಆಗುವುದಿಲ್ಲ.

ಚಿತ್ರದ ತಳದಲ್ಲಿ ಕುಣಿಯುವ ಹರಕು ಪಟ್ಟಿ ಇರುತ್ತದೆ, ವಿಎಚ್‌ಎಸ್‌ನಲ್ಲಿ ಅದು ಸಹಜ, ಟಿವಿ ಅದನ್ನು ಚೌಕಟ್ಟಿನ ಹಿಂದೆ ಮುಚ್ಚಿಡುತ್ತಿತ್ತು. ಕೆಳಗೆ 12, ಎಡಕ್ಕೆ 8, ಬಲಕ್ಕೆ 8 ಕತ್ತರಿಸಿ. 752×564 ಉಳಿಯುತ್ತದೆ, ಅದು ಸರಿಯಾಗಿ 4:3. ಅದನ್ನು 1080ಕ್ಕೆ ಹಿಗ್ಗಿಸಬೇಡಿ, ಮಸುಕು ದೊಡ್ಡದಾಗುತ್ತದೆ ಅಷ್ಟೇ. ಡಿಇಂಟರ್‌ಲೇಸ್ ಮುಂಚೆಯೇ ಆಗಿದೆ, ಇಲ್ಲಿ ಆಫ್ ಮಾಡಿ.

ಬಿಟ್‌ರೇಟ್ 1500 ಇಟ್ಟರೆ ಎರಡು ನಿಮಿಷದ ಕ್ಲಿಪ್ ಸುಮಾರು 24 ಎಂಬಿ ಆಗುತ್ತದೆ. ಡಿನಾಯ್ಸ್ ಫಿಲ್ಟರ್ ಲೈಟ್‌ಗಿಂತ ಮೇಲೆ ಹೋಗಬೇಡಿ. ನಾನು ಒಮ್ಮೆ ಬೇರೊಂದು ಮದುವೆ ಟೇಪಿಗೆ ಜೋರು ಇಟ್ಟಿದ್ದೆ. ಅಕ್ಕಿಕಾಳು ಎಸೆಯುವ ದೃಶ್ಯದಲ್ಲಿ ಎಲ್ಲರ ಕೈ ಏಳುತ್ತದೆ, ಒಂದು ಕಾಳೂ ಬೀಳುವುದಿಲ್ಲ. ಅದು ಕಾಳನ್ನು ಟೇಪಿನ ಕಸ ಅಂದುಕೊಂಡು ಒರೆಸಿ ಹಾಕಿತ್ತು.

ಹಂತ 8: ಸೈಟಿಗೆ ಏರಿಸಿ

ಫೈಲ್ ಹೆಸರು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಕನ್ನಡ ಹೆಸರು ಪುಟದ ಶೀರ್ಷಿಕೆಯಲ್ಲಿ ಇರಲಿ. ತಾನೇ ಶುರುವಾಗುವ ಆಟೊಪ್ಲೇ ಬೇಡ, ಪುಟದ ವಿಡಿಯೊ ಟ್ಯಾಗ್‌ನಲ್ಲಿ ಪ್ರಿಲೋಡ್ ಅನ್ನು ಮೆಟಾಡೇಟಾಗೆ ಇಡಿ, ಕ್ಲಿಪ್‌ನ ಒಂದು ಒಳ್ಳೆಯ ಚಿತ್ರವನ್ನು ಪೋಸ್ಟರ್ ಆಗಿ ಹಾಕಿ. ಒಂದು ಪುಟದಲ್ಲಿ ಹತ್ತು ಕ್ಲಿಪ್ ಇದ್ದು ಎಲ್ಲವೂ ಒಟ್ಟಿಗೆ ಇಳಿಯಲು ಶುರುವಾದರೆ ನೋಡುವವರ ಡೇಟಾ ಖಾಲಿ.

ಹಾಡಿನ ಸಾಹಿತ್ಯವನ್ನು ಸಬ್‌ಟೈಟಲ್ ಆಗಿ ಕೊಡುವವರು ಜೋಪಾನ: ‘ನುಡಿ’ ಅಥವಾ ‘ಬರಹ’ ಸಾಫ್ಟ್‌ವೇರಿನ ಹಳೆ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದು ಸೈಟಿನಲ್ಲಿ ಇಂಗ್ಲಿಷ್ ಕಸವಾಗಿ ಕಾಣುತ್ತದೆ. ಯೂನಿಕೋಡ್‌ಗೆ ಬದಲಿಸಿ, ಸಬ್‌ಟೈಟಲ್‌ನ ವೆಬ್‌ವಿಟಿಟಿ ಫೈಲನ್ನು ಯುಟಿಎಫ್-8 ಆಗಿ ಉಳಿಸಿ.

ಮದುವೆ ಟೇಪುಗಳಲ್ಲಿ ಆ ಕಾಲದ ಸ್ಟುಡಿಯೊದವರು ಸಿನಿಮಾ ಹಾಡು ತುಂಬಿರುತ್ತಾರೆ. ಆ ಹಾಡಿನ ಹಕ್ಕು ಬೇರೆಯವರದು, ಅಂಥ ಕಡೆ ಧ್ವನಿ ತೆಗೆಯಿರಿ ಅಥವಾ ಮಾತು ಇರುವ ತುಂಡು ಆರಿಸಿ. ಆಟದ ಟೇಪ್ ಆದರೆ ಮೇಳದವರನ್ನು, ಮನೆ ಟೇಪ್ ಆದರೆ ಕಾಣುವ ಮನೆಯವರನ್ನು ಮೊದಲೇ ಕೇಳಿ. ಮುಖ್ಯವಾಗಿ ಹೆಣ್ಣುಮಕ್ಕಳನ್ನು. ಅವರ ಗಂಡನನ್ನೋ ಮಗನನ್ನೋ ಕೇಳಿ "ಆಯ್ತು" ಅನ್ನಿಸಿಕೊಂಡರೆ ಮುಗಿಯಲಿಲ್ಲ.

ಲಿಂಕ್ ಹಂಚುವ ಮುಂಚೆ ಮನೆಯ ವೈಫೈ ಬಿಟ್ಟು ಹೊರಗೆ ಬಂದು, ಇದ್ದುದರಲ್ಲಿ ಅಗ್ಗದ ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ ಒಮ್ಮೆ ಓಡಿಸಿ. ಹಳ್ಳಿಯಲ್ಲಿರುವ ಅಜ್ಜಿ ನೋಡುವುದು ಹಾಗೆ. ನಿಂತು ನಿಂತು ಓಡಿದರೆ ಬಿಟ್‌ರೇಟ್ 1000ಕ್ಕೆ ಇಳಿಸಿ ಮತ್ತೆ ಏರಿಸಿ.

ಕ್ಯಾಸೆಟ್ಟನ್ನು ಪೂರ್ತಿ ರಿವೈಂಡ್ ಮಾಡಿ, ಡಬ್ಬಿಯಲ್ಲಿ ನಿಲ್ಲಿಸಿ ಇಡಿ, ಮಲಗಿಸಬೇಡಿ. ಮೇಲೆ ಒಂದು ಚೀಟಿ ಅಂಟಿಸಿ: ಯಾವ ದಿನ ಇಳಿಸಿದ್ದು, ಫೈಲ್ ಹೆಸರು ಏನು, ಟೇಪ್ ಎಲ್ಲಿ ಸಿಕ್ಕಿಕೊಂಡಿತ್ತು. ಆಮೇಲೆ ಯಾರ ಮನೆಯಿಂದ ತಂದಿರೋ ಅವರ ಮನೆಗೆ ಕೊಟ್ಟು ಬನ್ನಿ.